ಏಳು ಕೊನೆಗಳನ್ನು ಹೇಳಿಬಿಟ್ಟ ಅಕ್ಕನಿಗೆ

ಅಕ್ಕಾ,

ಪ್ರೀತಿಯ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಕ್ಷೇಮವೇ ಎಂದೂ ಕೇಳುವುದಿಲ್ಲ. ಇನ್ನೊಬ್ಬರ ನೆಮ್ಮದಿಗೆ ಹುಳಿ ಹಿಂಡಿದವರು ಸಾಮಾನ್ಯವಾಗಿ ಕ್ಷೇಮವಾಗಿಯೇ ಇರುತ್ತಾರೆ. ಫೋನಿನಲ್ಲಿ ನಿನ್ನ ನಂಬರ್ ಬ್ಲಾಕ್ ಮಾಡಿ ಒಂದೂವರೆ ತಿಂಗಳಾಯಿತು, ಅದನ್ನು ತೆಗೆಯುವ ಮನಸ್ಸಿಲ್ಲ. ಅದಕ್ಕೇ ಈ ಕಾಗದ. ಪೂರ್ತಿ ಓದು. ಕೊನೆಯ ಕಂತು ಬಿಟ್ಟು ಎದ್ದುಹೋಗುವ ಅಭ್ಯಾಸ ನಿನಗಿಲ್ಲವಲ್ಲ.

ಮೊದಲು ನಿನ್ನ ಕೊರಿಯನ್ ಧಾರಾವಾಹಿಗಳ ವಿಷಯ. ಇಂಟರ್ನೆಟ್ಟಿನ ನಿನ್ನ ಪುಟದಲ್ಲಿ ನೀನು ಬರೆಯುವ ವಿಮರ್ಶೆಗೆ ಮೂವತ್ತು ಸಾವಿರ ಜನ ಕಾಯುತ್ತಾರಂತೆ. ನನ್ನದನ್ನು ನೀನೊಬ್ಬಳು ಓದಿದರೆ ಸಾಕು. ನೀನು ಐದಕ್ಕೆ ಐದು ನಕ್ಷತ್ರ ಕೊಟ್ಟು ಪೂಜಿಸುವ ಆ ಎತ್ತರದ ನಾಯಕನಿಗೆ ನಟನೆ ಬರುವುದಿಲ್ಲ. ಕೆಲಸ ಹೋದರೂ ಅದೇ ಮುಖ, ಪ್ರೀತಿಯಾದರೂ ಅದೇ ಮುಖ, ಹೊಸದಾಗಿ ಬಣ್ಣ ಹೊಡೆದ ಗೋಡೆಯ ಹಾಗೆ. ಅವನು ನಾಯಕಿಯ ಕೈ ಹಿಡಿದು ದರದರ ಎಳೆದುಕೊಂಡು ಹೋಗುವುದನ್ನು ನೀನು ಪ್ರೇಮ ಎಂದು ಬರೆದೆ. ನಮ್ಮ ಅಂಗಡಿಯ ಮುಂದೆ ಯಾರಾದರೂ ಹಾಗೆ ಎಳೆದರೆ ನಾವು ಪೊಲೀಸರನ್ನು ಕರೆಯುತ್ತೇವೆ. ಹದಿನಾರು ಕಂತುಗಳಲ್ಲಿ ಹನ್ನೆರಡನೆಯದಕ್ಕೆ ಸರಿಯಾಗಿ ಯಾರಿಗೋ ನೆನಪು ಹೋಗಬೇಕು, ಹದಿನಾಲ್ಕಕ್ಕೆ ಲಾರಿ ಬಂದು ಗುದ್ದಬೇಕು. ಪುರುಸೊತ್ತೇ ಇಲ್ಲದ ನಟ ಎಂದರೆ ಆ ಲಾರಿಯ ಡ್ರೈವರು. ನಿಜವಾದ ನಟನೆ ಬೇಕಿದ್ದರೆ ಅಮ್ಮನ, ಅಂಗಡಿಯವಳ, ಪಕ್ಕದ ಮನೆಯ ಮುದುಕಿಯ ಪಾತ್ರ ಮಾಡುವ ಹೆಂಗಸರನ್ನು ನೋಡು. ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಲೇ ನಮ್ಮನ್ನು ಅಳಿಸಿಬಿಡುತ್ತಾರೆ. ಅವರ ಬಗ್ಗೆ ನೀನು ಒಂದು ಸಾಲನ್ನೂ ಬರೆದಿಲ್ಲ.

ಈ ಹುಚ್ಚು ಹಿಡಿಸಿದವಳು ನೀನೇ ಎಂಬುದನ್ನು ಮರೆತಿಲ್ಲ. ಮೆಟ್ಟಿಲ ಮೇಲೆ ಕೂತು ಒಂದೇ ಇಯರ್‌ಫೋನಿನ ಒಂದು ತುದಿ ನಿನಗೆ, ಒಂದು ನನಗೆ. ನಾನು ಕದ್ದು ಮುಂದಿನ ಕಂತು ನೋಡಿದ್ದೆನೆಂದು ಗೊತ್ತಾದ ದಿನ ನೀನು ಹೇಳಿದ್ದೆ: "ಕೊನೆ ಏನಂತ ಬಾಯಿಬಿಟ್ಟೆ ಅಂದ್ರೆ ನಿನ್ನ ಹಲ್ಲು ಉದುರಿಸ್ತೀನಿ ನೋಡು." ಇವತ್ತಿಗೂ ನಿನ್ನ ಪುಟದ ನೆತ್ತಿಯ ಮೇಲೆ ಇರುವುದು ಅದೇ ನಿಯಮ, ಸ್ವಲ್ಪ ಮರ್ಯಾದೆಯ ಮಾತಿನಲ್ಲಿ.

ಅಂಥವಳು ಅಮ್ಮನಿಗೆ ಏನು ಮಾಡಿದೆ?

ನಲವತ್ತು ವರ್ಷ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಊರಿನವರ ಕೋಟು ಹೊಲಿದ ಅಮ್ಮನಿಗೆ ಈಗ ಆಕಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಕಂಡವರ ಮೂಗಿಗೆ ಫ್ರೇಮು ಕೂರಿಸುವ ನನಗೆ ಅವಳಿಗೆ ಹೊಂದುವ ಒಂದು ಗಾಜು ಸಿಗಲಿಲ್ಲ. ಹಾಗಾಗಿ ರಜೆಯ ದಿನ ಮಧ್ಯಾಹ್ನ ಅವಳು ಸ್ಟೂಲು ಎಳೆದುಕೊಂಡು ಟೀವಿಗೆ ಅಂಟಿಕೂರುತ್ತಿದ್ದಳು, ನಾನು ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ನಮ್ಮ ಮಾತಿಗೆ ತಿರುಗಿಸಿ ಓದುತ್ತಿದ್ದೆ. "ಕೋಟಿನ ಭುಜ ಸರಿಯಾಗಿ ಕೂತಿಲ್ಲ, ಇವನು ಮೋಸಗಾರ" ಎನ್ನುತ್ತಿದ್ದಳು. ಬಹಳ ಸಲ ಅದು ನಿಜವೇ ಆಗುತ್ತಿತ್ತು.

ಅಪ್ಪ ತೀರಿಕೊಂಡ ವರ್ಷ ನೋಡಿದ ಮೊದಲ ಧಾರಾವಾಹಿಯಲ್ಲಿ ಒಬ್ಬ ಮೀನುಗಾರ ಸಮುದ್ರದಿಂದ ವಾಪಸು ಬರಲೇ ಇಲ್ಲ. ಅಮ್ಮ ಟೀವಿಯ ಕಡೆಗೇ ಮುಖ ಮಾಡಿ ಕೇಳಿದಳು: "ಬದುಕಿದ್ನೇನೆ?" ಆ ದನಿಗೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಬದುಕಿದ ಎಂದು ಓದಿದೆ. ತೆರೆಯ ಮೇಲೆ ಅವನ ಹೆಂಡತಿ ನೆಲಕ್ಕೆ ಬಿದ್ದು ಗೋಳಾಡುತ್ತಿದ್ದಳು, ಖುಷಿಗೆ ಅಳುತ್ತಿದ್ದಾಳೆ ಎಂದೆ. ಎಲ್ಲರೂ ಕಪ್ಪು ಬಟ್ಟೆ ಯಾಕೆ ಹಾಕಿದ್ದಾರೆ ಎಂದಳು, ಆಫೀಸಿನವರು ಎಂದೆ. ಹೀಗೆ ನಾಲ್ಕು ವರ್ಷದಲ್ಲಿ ಏಳು ಜನರನ್ನು ಬದುಕಿಸಿದೆ. "ಆ ದೇಶದೋರು ಒಳ್ಳೆಯೋರು ಕಣೆ, ಯಾರನ್ನೂ ಸಾಯ್ಸಲ್ಲ" ಎಂದು ಅಮ್ಮ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಳು.

ನಾಲ್ಕು ದಿನಕ್ಕೆಂದು ಬಂದ ನಿನಗೆ ನಾಲಿಗೆ ತುರಿಸಿತು. ಏಳನೆಯದರ ಕೊನೆಯ ಕಂತು ಓದುತ್ತಿದ್ದೆ. ನೀನು ಸೋಫಾದಿಂದಲೇ, "ಯಾಕೆ ಸುಳ್ಳು ಓದ್ತೀಯೇ? ಅಮ್ಮಾ, ಅವಳು ಸತ್ತಳು" ಎಂದೆ. ಅಲ್ಲಿಗೆ ನಿಲ್ಲಿಸಿದೆಯಾ? ಹಿಂದಿನವು ಯಾವುವು ಎಂದು ಅಮ್ಮನ ಬಾಯಿಂದಲೇ ಕೇಳಿಕೊಂಡು, ಬೆರಳು ಮಡಿಸುತ್ತಾ ಒಬ್ಬೊಬ್ಬರನ್ನೇ ಸಾಯಿಸಿದೆ. ಅಮ್ಮ ಕೇಳಿದ್ದು ಒಂದೇ: "ಮೀನುಗಾರನೂನಾ?" ನೀನು, "ಅವನೂ ಕೊನೇ ಕಂತಲ್ಲೇ ಹೋದ" ಎಂದೆ. ನಿನ್ನ ಚೀಲವನ್ನು ಬಾಗಿಲಾಚೆ ಎಸೆದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಈಗ ಕೇಳು. ನೀನು ಹೋದ ಮೇಲೆ ಅಮ್ಮನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ವರದಿ ಬಂತು: ಕ್ಯಾನ್ಸರ್ ಅಲ್ಲ. ಆದರೆ ಗಂಟಲನ್ನು ಒತ್ತುತ್ತಿದೆ, ತೆಗೆಯಬೇಕು, ತೆಗೆದರೆ ಆಯಿತು. ಖುಷಿಯಿಂದ ಓಡಿಬಂದು ಗಟ್ಟಿಯಾಗಿ ಓದಿದೆ. ಅಮ್ಮ ಮಡಿಲಲ್ಲಿ ಕೈ ಇಟ್ಟುಕೊಂಡು ಪೂರ್ತಿ ಕೇಳಿದಳು. ಆಮೇಲೆ ನನ್ನ ತಲೆ ಸವರಿದಳು. "ಚೆನ್ನಾಗಿ ಓದ್ತೀಯ ಕಣೆ. ಮೀನುಗಾರಂದೂ ಹೀಗೇ ಓದಿದ್ದೆ" ಎಂದಳು.

ಡಾಕ್ಟರು ಹೇಳಿದರೂ ಕೇಳಲಿಲ್ಲ. "ಪಾಪ, ಅವರಿಗೂ ಹೇಳಿಕೊಟ್ಟಿದೀಯ" ಎಂದಳು. ಸಾಯುತ್ತೇನೆಂದು ಅವಳಿಗೆ ತೀರ್ಮಾನವಾಗಿಹೋಗಿದೆ. ಯಾರಿಗೂ ಮುಟ್ಟಲು ಬಿಡದ ಹೊಲಿಗೆಯ ದೊಡ್ಡ ಕತ್ತರಿಯನ್ನು ಪಕ್ಕದ ಮನೆಯವಳಿಗೆ ಕೊಟ್ಟಳು. "ಹೋಗೋಳಿಗೆ ಗಾಯ ಯಾಕೆ ಮಾಡ್ತೀರಿ" ಎಂದು ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕುತ್ತಿಲ್ಲ. ಈಗ ನೀರು, ಹಾಲು ಬಿಟ್ಟರೆ ಬೇರೇನೂ ಗಂಟಲಲ್ಲಿ ಇಳಿಯುವುದಿಲ್ಲ. ಆಪರೇಷನ್ ಈ ತಿಂಗಳ ಹದಿನೆಂಟನೇ ತಾರೀಕು ದಾಟಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ.

ಹೌದು, ಸುಳ್ಳು ಓದಿದವಳು ನಾನು. ಅದನ್ನು ನೀನು ಎತ್ತಿ ಆಡುವ ಮೊದಲು ನಾನೇ ಬರೆದುಬಿಡುತ್ತೇನೆ. ಅಂಗಡಿಯಲ್ಲಿ ಗಾಜು ಒರೆಸುತ್ತಾ ನಿಂತಾಗ ಅದೇ ಯೋಚನೆ ಬರುತ್ತದೆ, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತೇನೆ. ಆದರೆ ನನ್ನ ಸುಳ್ಳಿನಿಂದ ಅವಳು ನಾಲ್ಕು ವರ್ಷ ನಕ್ಕಳು. ನಿನ್ನ ನಿಜದಿಂದ ಒಂದು ಮಧ್ಯಾಹ್ನವಾದರೂ ನಕ್ಕಳಾ ಹೇಳು.

ನಿನ್ನೆ ಸೋತು ಕೇಳಿದೆ, ಯಾರು ಓದಿದರೆ ನಂಬ್ತೀಯಮ್ಮ ಎಂದು. ತಡಮಾಡದೆ ಹೇಳಿದಳು: "ದೊಡ್ಡವಳು ಓದ್ಲಿ. ಅವಳಿಗೆ ಕರುಣೆ ಇಲ್ಲ." ಫೋನಿನಲ್ಲಿ ಬೇಡವಂತೆ. ವರದಿಯ ಕಾಗದ ನಿನ್ನ ಕೈಯಲ್ಲಿರಬೇಕಂತೆ.

ಅದಕ್ಕೇ ಬಾ. ನನಗಾಗಿ ಅಲ್ಲ, ನಮ್ಮಿಬ್ಬರ ನಡುವೆ ಇನ್ನೇನೂ ಉಳಿದಿಲ್ಲ. ವರದಿಯಲ್ಲಿ ಏನಿದೆ ಎಂದು ಮೇಲೆ ಬರೆದಿದ್ದೇನೆ. ಅದನ್ನು ನೀನೂ ನಂಬಬೇಡ, ಬಂದು ನೋಡು. ಗಂಟೆ ಒತ್ತಿದರೆ ಬಾಗಿಲು ತೆರೆಯುತ್ತೇನೆ, ಮಾತಾಡಿಸುವುದಿಲ್ಲ. ಸ್ಟೂಲಿನ ಪಕ್ಕ ಕೂತು ಮೊದಲ ಸಾಲಿನಿಂದ ಓದು. ದನಿಗೆ ಒಂದು ಚೂರೂ ಪ್ರೀತಿ ಬೆರೆಸಬೇಡ. ಆ ಸೋಫಾದಿಂದ ಹೇಳಿದೆಯಲ್ಲ, ಅದೇ ದನಿ ಬೇಕು. ಏಳು ಕೊನೆಗಳನ್ನು ಹೇಳಿದೆ, ಎಂಟನೆಯದನ್ನೂ ನೀನೇ ಹೇಳಿ ಹೋಗು.

ಇನ್ನು ಮುಂದೆ ನೀನು ನೋಡುವ ಪ್ರತಿಯೊಂದು ಧಾರಾವಾಹಿಯ ಕೊನೆಯನ್ನೂ ಯಾರಾದರೂ ನಿನಗೆ ಮೊದಲೇ ಹೇಳಿಬಿಡಲಿ ಎಂದು ಮನಸಾರೆ ಹಾರೈಸುವ, ಹದಿನೆಂಟರವರೆಗೆ ಬಾಗಿಲ ಗಂಟೆಗೆ ಕಿವಿಗೊಟ್ಟು ಕೂತಿರುವ,

ನಿನ್ನ ತಂಗಿ