ಡಿಕ್ಲರೇಷನಿಗೆ ಧಣಿಯ ಸಹಿ

ಜನವರಿ 10, 2025, ಶುಕ್ರವಾರ

ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟದ್ದು ಮಾಷ್ಟ್ರ ಹತ್ತಿರ ಕಲಿಸಲು ಏನೂ ಉಳಿಯದ ಕಾರಣ. ಇವತ್ತು ಅಲ್ ಮೀನಾ ಮಾರ್ಕೆಟಿನಲ್ಲಿ ಟೊಮೇಟೊ ಕ್ರೇಟ್ ಇಳಿಸುತ್ತಿರುವಾಗ ದುಬಾಯಿಯಿಂದ ತಂಗಿ ಸ್ವರ್ಣಲತಾಳ ಫೋನ್. ಅವಳ ಮಗಳು ಅಶ್ಮಿತಾ ಅಲ್ಲಿನ ಊದ್ ಮೇಥಾದ ಕ್ಲಬ್ಬಿನ ಸ್ಪರ್ಧೆಯಲ್ಲಿ ಕನ್ನಡ ಭಾಷಣ ಮಾಡಬೇಕಂತೆ. ವಿಷಯ — ಅಮೆರಿಕದ ಲಿವಿಂಗ್‌ಸ್ಟನ್ ಮನೆತನ.

"ಅಣ್ಣಾ, ಕನ್ನಡದಲ್ಲಿ ನೀನೇ ಬರೆದುಕೊಡಬೇಕು."

ಮತ್ತೆ ಯಾರು ಬರೆಯುವುದು? ಫಸ್ಟ್ ಬಂದರೆ ಟ್ಯಾಬ್ ತೆಗೆದುಕೊಡುತ್ತೇನೆ ಎಂದೆ. ದುಡ್ಡು ಕವರಿನಲ್ಲಿ ಹಾಕಿಟ್ಟೂ ಆಯಿತು.

ಜನವರಿ 12

ಎಂಥಾ ಮನೆತನ! ಹಡ್ಸನ್ ನದಿಯ ಬದಿ. ಮೊದಲ ಧಣಿ ರಾಬರ್ಟ್ ಖರೀದಿಸಿದ್ದು ಎರಡು ಸಾವಿರದ ಆರುನೂರು ಎಕರೆ. ಗವರ್ನರನ ಕಾಗದ ಕೈಗೆ ಬರುವಾಗ ಒಂದು ಲಕ್ಷ ಅರವತ್ತು ಸಾವಿರ! ಪೆನ್ನಿನಲ್ಲೇ ಬೇಲಿ ಸರಿಸಿದ ಗಂಡಸು. ನನಗೆ ಗುರುವಾಗಲು ಲಾಯಕ್ಕು. ಒಕ್ಕಲುಗಳು ಗೇಣಿಗೆ ಗೋಧಿ ಅಳೆಯಬೇಕು, ಮೇಲಿಂದ ಕೊಬ್ಬಿದ ಹೇಂಟೆ ಕೊಡಬೇಕು. ಅಶ್ಮಿತಾಳಿಗೆ ಫೋನ್ ಮಾಡಿ ಹೇಳಿದೆ — "ನಮ್ಮಲ್ಲೂ ಗೇಣಿ, ಕೋಳಿ ಎಲ್ಲ ಇತ್ತು ಮಗಾ."

"ವಾವ್ ಮಾಮ! ವಿ ವರ್ ಲಾರ್ಡ್ಸ್?"

ನಾವು ಕೊಡುವ ಕಡೆಯವರು ಎಂದು ಹೇಳಲು ಬಾಯಿ ಬರಲಿಲ್ಲ.

ಜನವರಿ 15, ಸಂಜೆ

ಸಿಕ್ಕಿತು!! ಆ ಮನೆಯ ಫಿಲಿಪ್ ಡಿಕ್ಲರೇಷನಿಗೆ ಸಹಿ ಹಾಕಿದ್ದಾನೆ — ಇಂಗ್ಲಿಷಿನಲ್ಲೇ ಉಂಟು. ಧಣಿಯೇ! ಭೂಸುಧಾರಣೆಯ ಕಾಲ, ಎಪ್ಪತ್ತೈದರಲ್ಲಿ, ಉಳುವ ಗದ್ದೆ ತನ್ನದೆಂದು ಅಪ್ಪ ಡಿಕ್ಲರೇಷನ್ ಕೊಟ್ಟಾಗ ನಮ್ಮ ಧಣಿಗಳು ಸಹಿ ಹಾಕುವುದಿರಲಿ, ಮುಖ ತಿರುಗಿಸಿದವರು ಮತ್ತೆ ಮಾತಾಡಲಿಲ್ಲ. ಅವರ ಮೊಮ್ಮಗ ಗುರುದತ್ತ ಈಗ ನನ್ನದೇ ರೂಮಿನಲ್ಲಿ, ಮೇಲಿನ ಮಂಚದಲ್ಲಿ. ಓದಿ ಹೇಳಿದೆ. ಮಂಚದಿಂದಲೇ ತಲೆ ಕೆಳಗೆ ಇಳಿಬಿಟ್ಟ.

"ಸುಮ್ಮನಿರಿ ಧರ್ಮಣ್ಣ. ಒಕ್ಕಲಿನ ಡಿಕ್ಲರೇಷನಿಗೆ ಯಾವ ಧಣಿ ಸಹಿ ಹಾಕ್ತಾನೆ ಮಾರಾಯ್ರೆ? ನಮ್ಮ ಅಜ್ಜ ಹಾಕಿದ್ರಾ?"

"ನಿನ್ನ ಅಜ್ಜ ಲಿವಿಂಗ್‌ಸ್ಟನ್ನಾ?"

"ಹಾಗಾದ್ರೆ ಬೆಟ್ ಕಟ್ಟಿ."

ಕಟ್ಟಿದೆ. ಕವರ್ ಹೇಗೂ ಇತ್ತಲ್ಲ. ಡಬ್ಬಲ್ ಆದರೆ ದೊಡ್ಡ ಟ್ಯಾಬ್! ಅಶ್ಮಿತಾಳಿಗೆ ಅಜ್ಜನ ಡಿಕ್ಲರೇಷನ್ ಕಥೆಯನ್ನೂ ಹೇಳಿಬಿಟ್ಟೆ. ಈಗ ಕೊಡುವ ಕಡೆಗೇ ಮರ್ಯಾದೆ ಹೆಚ್ಚು.

"ಮಾಮ, ಆರ್ ಯು ಶ್ಯೂರ್?"

"ನೂರಕ್ಕೆ ನೂರಿಪ್ಪತ್ತು."

ಜನವರಿ 25, ಶನಿವಾರ

ಹಾಲ್ ಫುಲ್. ಅಶ್ಮಿತಾ ಗಟ್ಟಿಯಾಗಿ ಹೇಳಿದಳು — "ಒಕ್ಕಲುಗಳ ಡಿಕ್ಲರೇಷನಿಗೆ ಧಣಿ ಫಿಲಿಪ್ಪರೇ ಸಹಿ ಹಾಕಿದರು." ಮೈಸೂರಿನ ತೀರ್ಪುಗಾರರು ನಕ್ಕೇಬಿಟ್ಟರು.

"ಅದು ಅಮೆರಿಕ ಬ್ರಿಟಿಷರಿಂದ ಸ್ವಾತಂತ್ರ್ಯ ಘೋಷಿಸಿದ ಡಿಕ್ಲರೇಷನ್ ಕಣಮ್ಮಾ! ಯಾರು ಬರ್ಕೊಟ್ಟಿದ್ದು?"

ನಾನು ಶೂ ಲೇಸ್ ಕಟ್ಟಲು ಬಗ್ಗಿದೆ. ಹಾಕಿದ್ದು ಚಪ್ಪಲಿ.

ಹುಡುಗಿ ಹೆದರಲಿಲ್ಲ. "ಸಾರಿ ಸರ್. ನಮ್ಮಲ್ಲಿ ಡಿಕ್ಲರೇಷನ್ ಅಂದ್ರೆ ಗದ್ದೆಯದ್ದು. ನನ್ನ ಅಜ್ಜ ಕೊಟ್ಟದ್ದು. ನಮ್ಮ ಮನೆಗೆ ಸ್ವಾತಂತ್ರ್ಯ ಬಂದದ್ದು ಅದರಲ್ಲೇ."

ನಮ್ಮ ಊರ ಕಡೆಯವರೆಲ್ಲ ಎದ್ದು ಚಪ್ಪಾಳೆ! ಪಕ್ಕದಲ್ಲಿದ್ದ ಗುರುದತ್ತನೂ ಎದ್ದ. ತಟ್ಟಿದ ಕೈಯನ್ನೇ ನನ್ನ ಮುಂದೆ ಚಾಚಿದ. ಕವರ್ ಕೊಟ್ಟೆ.

"ಖಲಾಸ್! ಐವತ್ತು ವರ್ಷದ ಮೇಲೆ ನಿಮ್ಮ ಮನೆಯಿಂದ ಗೇಣಿ ಬಂತು, ಧರ್ಮಣ್ಣ."

ಆಮೇಲೆ ಮೈಕಿನಲ್ಲಿ ಕೂಗಿದರು — ಫಸ್ಟ್, ಅಶ್ಮಿತಾ!

ಜನವರಿ 26

ಬೆಳಿಗ್ಗೆಯಿಂದ ಅವಳ ಮೆಸೇಜ್ ಮೂರು. "ಮಾಮ, ಟ್ಯಾಬ್ ವೆನ್?" ಬೆಟ್ಟಿನ ವಿಷಯ ಸ್ವರ್ಣಲತಾಳಿಗೆ ಗೊತ್ತಾಗಿದೆ. ಹೋದದ್ದು ಬರೀ ಐವತ್ತು ದಿರ್ಹಂ ಎಂದೆ. ಗುರು ರಾಬರ್ಟ್ ಹಿಗ್ಗಿಸಿದ, ಶಿಷ್ಯ ನಾನು ಕುಗ್ಗಿಸಿದೆ. ಈ ಡೈರಿ ಯಾರೂ ಓದುವುದಿಲ್ಲವಲ್ಲ, ಬರೆದೇಬಿಡುತ್ತೇನೆ — ಎರಡು ಸಾವಿರದ ಐವತ್ತು. ಅದರಲ್ಲಿ ಇನ್ನೂರು ಅವಳದೇ ಬರ್ತ್‌ಡೇ ದುಡ್ಡು, 'ಕೂಡಿಸಿ ಇಡು ಮಾಮ' ಎಂದು ಕೊಟ್ಟದ್ದು.