ಕೂಡುಹುಬ್ಬಿನ ಅಣ್ಣ

ಮಾರ್ಚ್ 4

ವಾಚನಾಲಯದ ಬೀಗ ತೆಗೆದೆ, ಕಸ ಗುಡಿಸಿದೆ, ಪೇಪರ್ ಜೋಡಿಸಿದೆ. ಆಮೇಲೆ ಮತ್ತೆ ಏಣಿ. ಯುದ್ಧಕ್ಕೆ ಹೋಗಿ ತಿರುಗಿ ಬಾರದ ನಮ್ಮೂರಿನವರ ಫೋಟೋಗಳೆಲ್ಲ ಗೋಡೆಗೇರಿದವು. ಒಂದು ಚೌಕಟ್ಟು ಮಾತ್ರ ಖಾಲಿ — ಟೈಲರಕ್ಕನ ಅಣ್ಣನದು. ಸೇನೆಯಲ್ಲಿ ಅಡುಗೆಯವನಾಗಿದ್ದ. ಅವನು ಹೋದಾಗ ನಾನು ತೊಟ್ಟಿಲಲ್ಲಿದ್ದೆ. ಇದ್ದೊಂದು ಫೋಟೋ ಗೆದ್ದಲ ಪಾಲಾಯಿತಂತೆ. ನಾಡಿದ್ದು ಉದ್ಘಾಟನೆ. ಆ ಜಾಗ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿದೆ.

ಮಾರ್ಚ್ 5, ಸಂಜೆ

ಖಾಲಿ ಚೌಕಟ್ಟಿನ ವಿಷಯ ಸ್ಟುಡಿಯೋದ ಗೆಳೆಯನಿಗೆ ಹೇಳಿದೆ. ನನ್ನ ಹರೆಯದ ಫೋಟೋ ಹುಡುಕಿ ತೆಗೆದ. ಅದಕ್ಕೆ ಟೋಪಿ ತೊಡಿಸಿದ, ಮೀಸೆ ಬರೆದ.

"ಲೋ, ತಪ್ಪಲ್ವೇನೋ?"

"ಸುಮ್ನಿರೋ ಮಾರಾಯ. ಈ ಮೀಸೇಲಿ ನಿನ್ನ ಹೆಂಡ್ತಿಗೂ ಗುರುತು ಸಿಗಲ್ಲ. ಯಾರಪ್ಪ ಇವನು, ಇಷ್ಟು ಲಕ್ಷಣವಾಗಿದಾನೆ ಅಂತಾಳೆ!"

ನಕ್ಕೆ. ನಗಬಾರದಿತ್ತು.

ಮಾರ್ಚ್ 6

ಟೈಲರಕ್ಕ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಎಲ್ಲಿ ಸಿಕ್ಕಿತು ಎಂದಳು.

"ಸೇನೆ ಆಫೀಸಿಂದ ತರಿಸಿದೆ ಅಕ್ಕ." ವಾಚನಾಲಯಕ್ಕೆ ಬರುವ ಮಕ್ಕಳಿಗೆ ಕಥೆ ಹೇಳಿ ಪಳಗಿದ ನಾಲಿಗೆ... ತಡವರಿಸಲೇ ಇಲ್ಲ.

"ನಮ್ಮಣ್ಣನಿಗೆ ಹುಬ್ಬು ಕೂಡಿತ್ತು ಕಣೋ. ಇದ್ರಲ್ಲಿ ಇಲ್ವಲ್ಲ?"

ನಾನು ಚೌಕಟ್ಟು ನೆಟ್ಟಗೆ ಮಾಡತೊಡಗಿದೆ.

"ನನಗೇ ಅರಳುಮರಳು ಬಿಡು. ಆಗ ಚಿಕ್ಕವಳು, ಏನು ನೆನಪಿರುತ್ತೆ," ಎಂದು ಸೆರಗಿನಿಂದ ಗಾಜು ಒರೆಸಿದಳು.

ಮಾರ್ಚ್ 19

ಮೆಷಿನ್ ಬಿಟ್ಟು ದಿನಾ ಬರುತ್ತಾಳೆ. ಅವನ — ನನ್ನ — ಮುಂದೆ ಕೂರುತ್ತಾಳೆ. ನಾನು ಪೇಪರಿನ ಹಿಂದೆ ಅಡಗುತ್ತೇನೆ. ಇವತ್ತು ಫೋಟೋ ಇಳಿಸೋಣವೆಂದು ಏಣಿ ಇಟ್ಟೆ. ಹತ್ತಲಿಲ್ಲ.

ಜೂನ್ 11

ಹೇಳಿಯೇ ಬಿಡುವುದೆಂದು ಅವಳ ಮನೆಗೆ ಹೋದೆ. ಕಾಜ ಹೊಲಿಯುತ್ತಿದ್ದವಳು ಸೂಜಿ ಬಟ್ಟೆಗೆ ಚುಚ್ಚಿಟ್ಟಳು.

"ಕಣ್ಣು ಮುಚ್ಚಿದ್ರೆ ಈಗ ಆ ಫೋಟೋದ ಮುಖವೇ ಬರುತ್ತೆ ಕಣೋ. ಮೊದಲಿದ್ದದ್ದು ಎಷ್ಟು ಕರೆದ್ರೂ ಬರಲ್ಲ. ಹೋಗಲಿ, ನಿಜವಾದ್ದು ಸಿಕ್ಕಿತಲ್ಲ."

"ಅಕ್ಕ, ಅದು..."

"ಇರು, ಬೆಳಕಿಗೆ ಬಾ." ಗಲ್ಲ ಹಿಡಿದು ತಿರುಗಿಸಿದಳು. "ಅಯ್ಯೋ! ಅಣ್ಣ ಮುದುಕ ಆಗಿದ್ದಿದ್ರೆ ಥೇಟ್ ನಿನ್ನ ಹಾಗೇ ಇರ್ತಿದ್ದ!"

ಅವಳ ಹೆಬ್ಬೆರಳು ನನ್ನ ಎರಡು ಹುಬ್ಬುಗಳ ನಡುವೆ ಬಂದು ನಿಂತಿತು.

"ಇಲ್ಲೇನೋ ಇತ್ತು ಅಂತಿದ್ದೆನಲ್ಲೋ ನಾನು... ಏನದು?"

ಈಗ ಅದು ಇಡೀ ಊರಲ್ಲಿ ಗೊತ್ತಿರುವುದು ನನಗೊಬ್ಬನಿಗೇ.

"ಅಕ್ಕ," ಎಂದೆ. "ನಿಮ್ಮಣ್ಣನ ಹುಬ್ಬು —"