ಏಳನೆಯ ಫ್ರೆಟ್

೧೪ ನವೆಂಬರ್, ಗುರುವಾರ

ಹುಬ್ಬಳ್ಳಿ-ಧಾರವಾಡದ ಸಮಸ್ತ ಜನತೆ ತಿಳಿಯತಕ್ಕದ್ದು: ಮೂವತ್ತು ವರ್ಷದ ನನ್ನ ಗಿಟಾರಿನ ಆರೋಗ್ಯ ತಪಾಸಣೆ ಇಂದು ಸಾಂಗವಾಗಿ ನೆರವೇರಿತು. ದೇಶಪಾಂಡೆ ನಗರದ ರಿಪೇರಿ ಗುರುಬಸವ ತಂತಿಗಳ ಕೆಳಗಿನ ಲೋಹದ ಪಟ್ಟಿಗಳನ್ನು ಸವರಿ ನೋಡಿ ನಕ್ಕ.

"ಸರ, ಮೊದಲ್ನೇ ಮೂರು ಫ್ರೆಟ್ಟು ಸವದು ತಗ್ಗು ಬಿದ್ದಾವ. ಅದಕ್ಕ ಗರ್ರ್ ಅಂತೈತಿ. ಮೂವತ್ತು ವರ್ಷ ಬರೇ ಇಷ್ಟರಾಗ ಅಡ್ಡಾಡೀರೇನು?"

ಖರೇ. ನನಗೆ ಬರುವುದು ಮೂರೇ ಸ್ವರಗುಚ್ಛ, ಮೂರೂ ಆ ಮೂರು ಪಟ್ಟಿಗಳೊಳಗೇ.

"ಆದರ ಈ ಏಳನೇದು ಅಡ್ಡ ಸವದೈತಿ ನೋಡ್ರಿ. ಯಾರೋ ತಂತಿ ಎಳದೆಳದು ಸಿತಾರದಂಗ ಮೀಂಡ್ ತಗದಾರ. ಭಾಳ ಛಲೋ ಕೈ ಬಿಡ್ರಿ."

ನಮ್ಮ ಮನೆಯಲ್ಲಿ ಅಂಥ ಕೈ ಒಂದೇ ಇತ್ತು. ಸಿತಾರ್ ಮಾಸ್ತರನಾಗಿದ್ದ ಅಪ್ಪನದು. "ಏ, ಆ ಡಬ್ಬಿ ಬಡಿಯೂದು ಬಿಡಪಾ" ಎಂದು ದಿನವೂ ಬೈಯುತ್ತಿದ್ದ ಅದೇ ಅಪ್ಪ! ನಾನು ಕಾಲೇಜಿಗೆ ಹೋದ ಮೇಲೆ, ಮಧ್ಯಾಹ್ನ, ಬಾಗಿಲು ಮುಂದೆ ಮಾಡಿಕೊಂಡು... ಯಾವ ರಾಗ ನುಡಿಸುತ್ತಿದ್ದನೋ. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು, ಇನ್ನು ಕೇಳುವುದು ಯಾರನ್ನು?

"ಎಲ್ಲಾ ಹೊಸಾವು ಹಾಕಲೇನ್ರಿ?" ಎಂದ ಗುರುಬಸವ. ಅಪ್ಪನ ಗುಂಗಿನಲ್ಲೇ ಹೂಂ ಎಂದು ತಲೆಯಾಡಿಸಿ, ಗಿಟಾರನ್ನು ಅಲ್ಲೇ ಬಿಟ್ಟು ಬಂದೆ.

ಧರ್ಮಪತ್ನಿ ಮೃಣಾಲಿನಿ, ನನ್ನ ದಿನಚರಿಯನ್ನು ನೀನು ಕದ್ದು ಓದುತ್ತೀ ಎಂಬುದು ಗೊತ್ತು. ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಅವನಿಗೊಂದು ಫೋನ್ ಮಾಡು. ಮೊದಲ ಮೂರನ್ನು ಬದಲಿಸಲಿ, ಏಳನೆಯದನ್ನು ಮುಟ್ಟಬಾರದು. ನಾನೇ ಹೇಳಹೋದರೆ ಮತ್ತೆ ತಲೆಯಾಡಿಸಿಯೇನು.